ಕಟ್ಟಿದವನೇ ಬಿಚ್ಚಬೇಕಾದ ಚೀಟಿ

ನನ್ನ ಎಡಗಿವಿ ಕೇಳುವುದಿಲ್ಲ. ಮದುವೆ ಮನೆಗಳಲ್ಲಿ ಯಾರಾದರೂ ಎಡಗಡೆ ಕೂತು ಮಾತಾಡಿಸಿದರೆ ಸುಮ್ಮನೆ ತಲೆಯಾಡಿಸುತ್ತೇನೆ. ಜಂಬದ ಮನುಷ್ಯ ಅಂದುಕೊಂಡು ಅವರು ಎದ್ದುಹೋಗುತ್ತಾರೆ. ಹೋಗಲಿ. ಕಿವಿ ದೊಡ್ಡ ವಿಷಯವಲ್ಲ. ಆ ಕಿವಿ ಹೋದದ್ದಕ್ಕೆ ಒಬ್ಬ ಮನುಷ್ಯನ ಕೆಲಸ ಹೋಯಿತು, ಮಾನ ಹೋಯಿತು. ಎರಡೂ ಹೋದದ್ದು ನನ್ನ ಬಾಯಿಂದ. ಇದನ್ನು ಬರೆಯುವುದಕ್ಕೆ ಇಷ್ಟು ವರ್ಷ ಹಿಡಿಯಿತು ಎಂಬುದಕ್ಕೇ ನನ್ನ ಮೇಲೆ ನನಗೆ ಮೈ ಉರಿಯುತ್ತದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ದೊಡ್ಡನೆಕ್ಕುಂದಿಯ ಕಡೆ ರಾಗಿ ಹೊಲಗಳ ನಡುವೆ ಒಂದೊಂದೇ ಶೆಡ್ಡು ಏಳುತ್ತಿದ್ದ ಕಾಲ. ಅಣೆಕಟ್ಟುಗಳಿಗೆ ಕಬ್ಬಿಣದ ಗೇಟು ಮಾಡಿಕೊಡುವ ಕಾರ್ಖಾನೆಯೊಂದರಲ್ಲಿ ನಾನು ಫಿಟ್ಟರ್ ಆಗಿದ್ದೆ. ಗೇಟು ಕೂರಿಸಿದ ಮೇಲೆ ಅದರ ರಬ್ಬರ್ ಪಟ್ಟಿ ನೀರಿನ ತಳದಲ್ಲಿ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಯಾರಾದರೂ ಇಳಿದು ನೋಡಬೇಕಿತ್ತು. ಪ್ರತಿ ಸಲ ಹೊರಗಿನವರನ್ನು ಕರೆಸಿ ಸಾಕಾಗಿ, ಮ್ಯಾನೇಜರು ಒಂದು ದಿನ ವರ್ಕ್‌ಶಾಪಿನ ಮಧ್ಯೆ ನಿಂತು, "ಯಾರಿಗ್ರೀ ಚೆನ್ನಾಗಿ ಈಜು ಬರೋದು?" ಎಂದರು. ಕೆರೆಗೆ ಹಾರಿ ಅಪ್ಪನಿಂದ ಏಟು ತಿಂದು ಬೆಳೆದವನು ನಾನು. ಕೈ ಎತ್ತಿದೆ. ಮೂರು ವಾರ ಎಲ್ಲಿಗೋ ಕಳಿಸಿ ಕಲಿಸಿದರು. ವಾಪಸು ಬಂದ ಮೇಲೆ ಎಲ್ಲರೂ ನನ್ನನ್ನು ಡೈವರ್ ಎಂದರು. ತಲೆ ಸ್ವಲ್ಪ ತಿರುಗಿದ್ದು ನಿಜ.

ನನಗಾಗಿ ಹೊರದೇಶದಿಂದ ಒಂದು ಜಾಕೆಟ್ ತರಿಸಿದರು. ತೋಳಿಲ್ಲದ, ದಪ್ಪ ಬಟ್ಟೆಯ ಅಂಗಿಯಂಥದ್ದು. ಒಳಗೆ ಗಾಳಿ ತುಂಬುವ ರಬ್ಬರಿನ ಚೀಲ. ಬೆನ್ನ ಮೇಲಿನ ಸಿಲಿಂಡರಿನಿಂದ ಅದಕ್ಕೆ ಒಂದು ಸಣ್ಣ ಪೈಪು. ಎಡ ಭುಜದಿಂದ ಇಳಿಬಿದ್ದ ಕೊಳವೆಯ ತುದಿಯಲ್ಲಿ ಎರಡು ಗುಂಡಿ. ಒಂದನ್ನು ಒತ್ತಿದರೆ ಗಾಳಿ ಒಳಗೆ ಬರುತ್ತದೆ, ಮನುಷ್ಯ ಮೇಲೇಳುತ್ತಾನೆ. ಇನ್ನೊಂದನ್ನು ಒತ್ತಿದರೆ ಗಾಳಿ ಹೋಗುತ್ತದೆ, ಇಳಿಯುತ್ತಾನೆ. ಎರಡನ್ನೂ ಹದವಾಗಿ ಬಳಸುವುದು ಕಲಿತರೆ ಮೇಲೂ ಹೋಗದೆ ಕೆಳಗೂ ಹೋಗದೆ ನೀರಿನ ನಡುವೆ ನಿಂತು ಎರಡು ಕೈಯಲ್ಲೂ ಕೆಲಸ ಮಾಡಬಹುದು. ನಾನು ಬೇಗ ಕಲಿತೆ. ಜಾಕೆಟ್ಟನ್ನು ಬಳಸುವುದು ಕಲಿತೆ, ಅಷ್ಟೇ. ಅದನ್ನು ಸಾಕುವುದು ಕಲಿತವನು ಬೇರೆಯವನು.

ಅವನು ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ ಮನುಷ್ಯ. ನನಗಿಂತ ಹತ್ತು ವರ್ಷ ದೊಡ್ಡವನು, ಅಣ್ಣ ಎನ್ನುತ್ತಿದ್ದೆ. ಅದೇ ಊರಿನವನು. ನಮ್ಮ ಕಾರ್ಖಾನೆ ನಿಂತದ್ದೇ ಅವನ ಅಪ್ಪನ ರಾಗಿ ಹೊಲದ ಮೇಲೆ. ಜಮೀನು ಹೋದ ಮನೆಗೊಂದು ಕೆಲಸ ಎಂದು ಕೊಟ್ಟ ಕೆಲಸ ಅವನದು. "ನಮ್ಮ ಅವರೆ ಸಾಲು ಇದ್ದಿದ್ದು ನಿಮ್ಮ ಲೇತ್ ಮಿಷನ್ ಅಡೀಲಿ ಕಣಪ್ಪ" ಎಂದು ನಗುತ್ತಿದ್ದ. ಆ ನಗುವಿನಲ್ಲಿ ಏನಿತ್ತೋ, ಆಗ ನನಗೆ ಗೊತ್ತಾಗುವ ವಯಸ್ಸಲ್ಲ.

ಜಾಕೆಟ್ಟಿನ ಜೊತೆ ಬಂದ ಪುಸ್ತಕವನ್ನು ನಾನು ಓದಿ ಅರ್ಥ ಹೇಳಿದೆ. ಒಂದೇ ಸಲ. ಅವನು ಎಲ್ಲವನ್ನೂ ತಲೆಯಲ್ಲಿಟ್ಟುಕೊಂಡ. ನೀರಿಗಿಳಿದು ಬಂದ ಪ್ರತಿ ಸಲವೂ ಹೊರಗೆ ತೊಳೆದರೆ ಸಾಲದು, ಒಳಗೂ ತೊಳೆಯಬೇಕು. ಕೊಳವೆಯ ಬಾಯಿಂದ ನೀರು ಹುಯ್ದು, ಮಗುವನ್ನು ಆಡಿಸಿದ ಹಾಗೆ ಆ ಕಡೆ ಈ ಕಡೆ ಅಲ್ಲಾಡಿಸಿ, ತಲೆಕೆಳಗು ಮಾಡಿ, ಗುಂಡಿ ಒತ್ತಿ ಹಿಡಿದು ಹನಿ ಹನಿಯಾಗಿ ಬಸಿಯಬೇಕು. ಎರಡು ಸಲ. ಬಿಸಿಲಿಗೆ ಹಾಕಬಾರದು, ಎಣ್ಣೆ ಸೋಕಿಸಬಾರದು, ಮಡಚಿಡಬಾರದು. ಅರ್ಧ ಗಾಳಿ ತುಂಬಿ ನೆರಳಲ್ಲಿ ತೂಗುಹಾಕಬೇಕು. ಮೊಳೆಗೆ ಸಿಗಿಸಿದರೆ ಭುಜ ಹರಿಯುತ್ತದೆ ಎಂದು ಬಡಗಿಯ ಹತ್ತಿರ ಅಗಲವಾದ ಮರದ ಹ್ಯಾಂಗರು ಮಾಡಿಸಿದ. ವಾರಕ್ಕೊಮ್ಮೆ ಪೂರ್ತಿ ಗಾಳಿ ತುಂಬಿ ಡ್ರಮ್ಮಿನ ನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ನೋಡುತ್ತಿದ್ದ. ಗುಂಡಿಯನ್ನು ಒತ್ತಿ, ಬಿಟ್ಟು, ಕಿವಿಗೊಟ್ಟು ಕೇಳುತ್ತಿದ್ದ. ತನ್ನ ಜೀವಮಾನದಲ್ಲಿ ಸೊಂಟದ ಮಟ್ಟಕ್ಕಿಂತ ಆಳದ ನೀರಿಗೆ ಇಳಿಯದವನು.

ನೀರಿನದೇ ಒಂದು ಕಥೆ. ನಮ್ಮ ಕಾರ್ಖಾನೆಯ ಬೋರ್‌ವೆಲ್ ನೀರು ಬಲು ಗಡಸು. ಬಕೆಟ್ಟಿಗೆ ತಿಂಗಳಲ್ಲಿ ಬಿಳಿ ಪೊರೆ ಕಟ್ಟುತ್ತಿತ್ತು. ಆ ನೀರು ಗುಂಡಿಯೊಳಗೆ ಒಣಗಿದರೆ ಸುಣ್ಣ ಕೂರುತ್ತದೆ, ಗುಂಡಿ ಹಿಡಿದುಕೊಳ್ಳುತ್ತದೆ ಎಂದು ಅವನೇ ಕಂಡುಕೊಂಡ. ಕಾಂಪೌಂಡಿನ ಆಚೆ ಉಳಿದಿದ್ದ ಅವರ ಮನೆ ಬಾವಿಯ ನೀರು ಸಿಹಿ. ಜಾಕೆಟ್ ತೊಳೆಯುವ ದಿನ ಅವನ ತಾಯಿ ಎರಡು ಕೊಡ ಸೇದಿಟ್ಟಿರುತ್ತಿದ್ದಳು. ಅವನು ಸೈಕಲ್ಲಿಗೆ ಕಟ್ಟಿಕೊಂಡು ತರುತ್ತಿದ್ದ. ಶಾಪಿನವರೆಲ್ಲ, "ಏನ್ ಗುರು, ಜಾಕೆಟ್‌ಗೆ ಎಣ್ಣೆ ಸ್ನಾನನಾ?" ಎಂದು ರೇಗಿಸುತ್ತಿದ್ದರು. ಎಲ್ಲರಿಗಿಂತ ಜಾಸ್ತಿ ರೇಗಿಸಿದವನು ನಾನು.

ಸ್ಟೋರ್ಸಿನಲ್ಲಿ ಒಂದು ನಿಯಮವಿತ್ತು. ಯಾವುದೇ ಸಾಮಾನು ಕೆಟ್ಟಿದ್ದರೆ ಅದಕ್ಕೆ ಕೆಂಪು ಚೀಟಿ. ದಪ್ಪ ರಟ್ಟಿನ ಚೀಟಿ, ತೂತಿಗೆ ದಾರ. ಕಟ್ಟಿದವನ ಸಹಿ ಅದರ ಮೇಲೆ. ಕಟ್ಟಿದವನೇ ಅದನ್ನು ಬಿಚ್ಚಬೇಕು, ಬೇರೆ ಯಾರೂ ಮುಟ್ಟುವ ಹಾಗಿಲ್ಲ, ಮ್ಯಾನೇಜರೂ ಇಲ್ಲ. ಚೀಟಿ ಇಲ್ಲ ಎಂದರೆ ಸಾಮಾನು ಸರಿಯಾಗಿದೆ ಎಂದರ್ಥ. ಅಷ್ಟು ಸರಳ. ಆ ನಿಯಮದ ಮೇಲೆ ನಾನು ನನ್ನ ಪ್ರಾಣ ಇಟ್ಟು ನೀರಿಗಿಳಿಯುತ್ತಿದ್ದೆ.

ಆ ವರ್ಷ ಮಹಾಲಯ ಅಮಾವಾಸ್ಯೆಗೆ ಅವನು ರಜ ಹಾಕಿದ್ದ. ನಾನು ಹತ್ತಿರದ ಹಳೇ ಕಲ್ಲು ಕ್ವಾರಿಯ ನೀರಿನಲ್ಲಿ ಅಭ್ಯಾಸ ಮಾಡಿ ಬಂದೆ. ಬಾವಿ ನೀರಿಗೆ ಅವರ ಮನೆತನಕ ಯಾರು ಹೋಗುತ್ತಾರೆ ಎಂದು ಸೋಮಾರಿತನ. ಕಾರ್ಖಾನೆಯ ನಲ್ಲಿ ನೀರಿನಲ್ಲೇ ಜಾಕೆಟ್ಟನ್ನು ಒಳಗೂ ಹೊರಗೂ ತೊಳೆದು ತೂಗುಹಾಕಿದೆ. ಮುಂದಿನ ವಾರ ಪರೀಕ್ಷೆ ಮಾಡುವಾಗ ಅವನು ನನ್ನನ್ನು ಕರೆದ. ಗಾಳಿ ತುಂಬುವ ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು ಬೆರಳು ತೆಗೆದ. ಗುಂಡಿ ಮೇಲೆ ಬರಲಿಲ್ಲ. ಗಾಳಿ ನುಗ್ಗುತ್ತಲೇ ಇತ್ತು. ಬೆರಳಿನಿಂದ ತಟ್ಟಿದ ಮೇಲೆ ನಿಂತಿತು.

"ನಲ್ಲಿ ನೀರ್ನಾಗೆ ತೊಳ್ದಿದ್ದೀಯ ಕಣಪ್ಪ" ಎಂದ.

"ಇಲ್ಲಪ್ಪ" ಎಂದೆ.

ಅವನು ಗುಂಡಿಯನ್ನು ಮತ್ತೊಮ್ಮೆ ತಟ್ಟಿ ನೋಡಿದ. "ಬ್ಯಾರೆ ಗುಂಡಿ ತರಿಸ್ಬೇಕು. ಅಲ್ಲೀಗಂಟ ಇದ್ನ ಮುಟ್ಬ್ಯಾಡ" ಎಂದು ನನ್ನ ಕಣ್ಣೆದುರೇ ಕೆಂಪು ಚೀಟಿ ಬರೆದು, ಭುಜದ ಪಟ್ಟಿಯ ಲೋಹದ ಬಳೆಗೆ ದಾರ ಹಾಕಿ ಎರಡು ಗಂಟು ಬಿಗಿದ.

ಅದಾಗಿ ಮೂರು ದಿನಕ್ಕೆ ಆಯುಧಪೂಜೆ. ಕಾರ್ಖಾನೆಯಲ್ಲಿ ಅದಕ್ಕಿಂತ ದೊಡ್ಡ ಹಬ್ಬ ಇನ್ನೊಂದಿಲ್ಲ. ಹಿಂದಿನ ದಿನವೆಲ್ಲ ಉಜ್ಜುವುದು, ಒರೆಸುವುದು. ಲೇತುಗಳಿಗೆ ಬಾಳೆಕಂದು, ಡ್ರಿಲ್ಲಿಂಗ್ ಮಿಷನ್ನಿಗೆ ಚೆಂಡು ಹೂವು, ಸುತ್ತಿಗೆ ಸ್ಪ್ಯಾನರುಗಳಿಗೆಲ್ಲ ಅರಿಶಿನ ಕುಂಕುಮ. ಸ್ಟೋರ್ಸಿನವನು ಎಲ್ಲ ಸಾಮಾನನ್ನೂ ತಂದು ಶಾಪಿನ ಮಧ್ಯದ ಮೇಜಿನ ಮೇಲೆ ಜೋಡಿಸಿದ. ನನ್ನ ಜಾಕೆಟ್ಟೂ ಬಂತು. ಹೊರದೇಶದ್ದು ಎಂದು ಅದಕ್ಕೆ ಮುಂದಿನ ಸಾಲು. ಮಂಗಳಾರತಿ ಆದ ಮೇಲೆ ಗುಂಪು ಫೋಟೋ. ಮ್ಯಾನೇಜರು, "ಡೈವರ್ ಜಾಕೆಟ್ ಹಾಕ್ಕೊಂಡು ಮುಂದೆ ನಿಂತ್ಕೊಳ್ಲಿ" ಎಂದರು. ಹಾಕಿಕೊಂಡೆ. ಕೊರಳಿಗೆ ಹಾರವನ್ನೂ ಹಾಕಿದರು. ಸಾಂಬ್ರಾಣಿ ಹೊಗೆಗೆ ಕಣ್ಣು ಉರಿಯುತ್ತಿದ್ದದ್ದು, ಫೋಟೋದವನು ಹತ್ತಿರ ಬನ್ನಿ ಹತ್ತಿರ ಬನ್ನಿ ಎಂದು ಕೂಗುತ್ತಿದ್ದದ್ದು, ಆಮೇಲೆ ಕಡ್ಲೆಪುರಿ, ಮೈಸೂರುಪಾಕು. ನನಗೆ ನೆನಪಿದ್ದದ್ದು ಇಷ್ಟೇ.

ಸ್ಟೋರ್ಸಿನವನು ಆ ಫೋಟೋಗೆ ನಿಲ್ಲಲಿಲ್ಲ. ಗೇಟಿನಲ್ಲಿ ಬೂದುಗುಂಬಳ ಒಡೆಯುವುದು ಪ್ರತಿ ವರ್ಷ ಅವನ ಕೆಲಸ. ಭೂಮಿ ಅವನದಾಗಿತ್ತಲ್ಲ, ದೃಷ್ಟಿ ತೆಗೆಯುವುದೂ ಅವನೇ ಆಗಬೇಕು ಎಂದು ಯಾರೋ ಶುರು ಮಾಡಿದ್ದು.

ವಿಜಯದಶಮಿ ಕಳೆದ ಬೆಳಿಗ್ಗೆ ಅವನು ರಜ. ಒಂದು ಅಣೆಕಟ್ಟಿನಿಂದ ತುರ್ತು ಕರೆ ಬಂತು, ಗೇಟು ಪೂರ್ತಿ ಮುಚ್ಚುತ್ತಿಲ್ಲವೆಂದು. "ಜೀಪ್ ನಿಂತಿದೆ, ಸಾಮಾನು ಹಾಕ್ಕೊಂಡು ಹೊರಡಿ" ಎಂದರು ಮ್ಯಾನೇಜರು. ಜಾಕೆಟ್ ಇನ್ನೂ ಪೂಜೆಯ ಮೇಜಿನ ಮೇಲೆಯೇ ಇತ್ತು. ಬಾಡಿದ ಹಾರ, ಎದೆಯ ಮೇಲೆ ಕುಂಕುಮ. ಚೀಟಿ ಇರಲಿಲ್ಲ. ಅಣ್ಣ ಹಬ್ಬಕ್ಕೆ ಮುಂಚೆ ಗುಂಡಿ ಬದಲಾಯಿಸಿಬಿಟ್ಟಿದ್ದಾನೆ ಎಂದುಕೊಂಡೆ. ಎರಡು ಸಲ ಒತ್ತಿಯೂ ನೋಡಿದೆ. ಟಕ್ ಟಕ್ ಎಂದು ಸರಿಯಾಗಿಯೇ ಎದ್ದುಬಂತು. ಹಾರ ತೆಗೆದು ಹೊರಟೆ.

ಐವತ್ತು ಅಡಿ ಕೆಳಗೆ, ಕೈ ಮುಂದೆ ಹಿಡಿದರೆ ಕೈ ಕಾಣದ ಕೆಸರು ನೀರು. ಗೇಟಿನ ಸಂದಿಯಲ್ಲಿ ಮರದ ದಿಮ್ಮಿಯೊಂದು ಸಿಕ್ಕಿಕೊಂಡಿತ್ತು. ಅದನ್ನು ಎಳೆಯುವಾಗ ನಾನು ಕೆಳಕ್ಕೆ ಜಾರುತ್ತಿದ್ದೆನೆಂದು ಗಾಳಿ ತುಂಬುವ ಗುಂಡಿಯನ್ನು ಒತ್ತಿ ಹಿಡಿದೆ. ಬೆರಳು ತೆಗೆದೆ. ಗಾಳಿ ನಿಲ್ಲಲಿಲ್ಲ. ಜಾಕೆಟ್ ಎದೆಯನ್ನು ಬಿಗಿಯುತ್ತಾ ಹೋಯಿತು. ಜಾಕೆಟ್ಟಿಗೆ ಗಾಳಿ ತರುವ ಪೈಪು ಕಿತ್ತುಹಾಕಬೇಕು ಎಂದು ಗೊತ್ತು. ಹೆಗಲಿಗೆ ಹಾಕಿದ್ದ ಸ್ಪ್ಯಾನರ್ ಚೀಲದ ಪಟ್ಟಿ ಅಡ್ಡ ಬಂದು ಪೈಪು ಕೈಗೆ ಸಿಗಲಿಲ್ಲ. ಗಾಳಿ ಹೊರಹಾಕುವ ಗುಂಡಿ ಒತ್ತಿದೆ. ಬರುವ ಗಾಳಿಯೇ ಹೆಚ್ಚಾಗಿತ್ತು. ಯಾರೋ ರೆಟ್ಟೆ ಹಿಡಿದು ಎಳೆದ ಹಾಗೆ ಮೇಲಕ್ಕೆ ಹೋದೆ. ಉಸಿರು ಬಿಡುತ್ತಲೇ ಇರು ಎಂದು ಕಲಿಸಿದ್ದರು, ಬಿಟ್ಟೆ, ಅದಕ್ಕೇ ಶ್ವಾಸಕೋಶ ಒಡೆಯದೆ ಉಳಿಯಿತು. ಎಡಗಿವಿಯಲ್ಲಿ ಬಟ್ಟೆ ಹರಿದ ಹಾಗಾಯಿತು. ಮೇಲೆ ಬಂದಾಗ ಮೂಗಿನಲ್ಲೂ ಕಿವಿಯಲ್ಲೂ ರಕ್ತ. ದಡದವರು ಕೂಗುತ್ತಿದ್ದರು, ನನಗೆ ಅರ್ಧ ಮಾತ್ರ ಕೇಳಿಸಿತು.

ಆಸ್ಪತ್ರೆಯಲ್ಲಿ ಮಲಗಿದ್ದ ದಿನಗಳೆಲ್ಲ ಒಂದೇ ಯೋಚನೆ. ಹಬ್ಬದ ಮೇಜಿನ ಮೇಲೆ ಕೆಂಪು ಚೀಟಿ ಅಪಶಕುನ ಎಂದು ಅವನೇ ಬಿಚ್ಚಿಟ್ಟಿದ್ದಾನೆ, ಮತ್ತೆ ಕಟ್ಟುವುದು ಮರೆತಿದ್ದಾನೆ. ಯೋಚಿಸುತ್ತ ಯೋಚಿಸುತ್ತ ಅವನು ಬಿಚ್ಚುವುದನ್ನು ನಾನು ನೋಡಿದ ಹಾಗೇ ಆಗಿಹೋಯಿತು. ಒಂದು ದಿನ ಅವನು ನೋಡಲು ಬಂದ, ಕೈಯಲ್ಲಿ ಎಳನೀರು. ನಾನು ಬಾಯಿಗೆ ಬಂದಂತೆ ಬೈದೆ. ವಾರ್ಡಿನವರೆಲ್ಲ ತಿರುಗಿ ನೋಡಿದರು. ಅವನು ಎಳನೀರನ್ನು ಕೆಳಗಿಟ್ಟು ಹೋದ. ಅದನ್ನು ನಾನು ಕುಡಿಯಲಿಲ್ಲ.

ವಿಚಾರಣೆ ನಡೆಯಿತು. ಮೇಜಿನ ಆಚೆ ಮ್ಯಾನೇಜರು, ಅವರ ಪಕ್ಕ ಇನ್ನಿಬ್ಬರು. ನನಗೆ ಬ್ಯಾಂಡೇಜು. ಕೇಳಿದ್ದಕ್ಕೆ ಉತ್ತರ ಹೇಳಿದೆ: ಕೆಟ್ಟಿದ್ದು ಅವನಿಗೆ ಗೊತ್ತಿತ್ತು, ಚೀಟಿ ಕಟ್ಟಿದ್ದ, ಹಬ್ಬ ಕಳೆಯುವಷ್ಟರಲ್ಲಿ ಚೀಟಿ ಮಾಯ.

ಅವನು ನಿಂತೇ ಇದ್ದ. "ನಾನು ಬಿಚ್ಚಿಲ್ಲ ಸಾರ್. ಚೀಟಿ ಸಮೇತಾನೇ ಮ್ಯಾಜಿನ ಮ್ಯಾಲೆ ಇಟ್ಟಿದ್ದೆ" ಎಂದ. ಆಮೇಲೆ ನನ್ನ ಕಡೆ ತಿರುಗಿ, "ನಾನು ಬಿಚ್ಚಿದ್ನ ನೀನು ನೋಡ್ದ್ಯಾ ಕಣಪ್ಪ?" ಎಂದ.

"ಕಟ್ಟಿದೋನು ನೀನು. ಬಿಚ್ಚೋನೂ ನೀನೇ ಅಲ್ವಾ?" ಎಂದೆ.

ಮ್ಯಾನೇಜರು ಬರೆದುಕೊಂಡರು. ನಲ್ಲಿ ನೀರಿನ ವಿಷಯವನ್ನು ಅವನು ಅಲ್ಲಿ ಎತ್ತಬಹುದಿತ್ತು. ಎತ್ತಲಿಲ್ಲ. ವಾರದೊಳಗೆ ಅವನನ್ನು ಕೆಲಸದಿಂದ ತೆಗೆದರು. ಹೊಲ ಹೋಗಿ ಬಂದ ಕೆಲಸ, ಅದೂ ಹೋಯಿತು. ನಾನು ಒಂದಿಷ್ಟೂ ಮರುಗಲಿಲ್ಲ. ಸರಿಯಾಗಿ ಆಯಿತು ಎಂದು ಹೆಂಡತಿಯ ಹತ್ತಿರ ಹೇಳಿದ್ದು ನೆನಪಿದೆ.

ಕಿವಿ ಹೋದವನನ್ನು ನೀರಿಗೆ ಇಳಿಸುವ ಹಾಗಿಲ್ಲ. ನನಗೆ ಎಲ್ಲಿ ಕೆಲಸ ಕೊಟ್ಟರು ಗೊತ್ತೇ? ಸ್ಟೋರ್ಸಿನಲ್ಲಿ. ಅವನ ಕುರ್ಚಿ, ಅವನ ಬೀರು, ಅವನು ಮಾಡಿಸಿದ ಮರದ ಹ್ಯಾಂಗರು. ಮೂರು ವರ್ಷ ಅಲ್ಲಿ ಕೂತೆ.

ಮೂರನೆಯ ವರ್ಷದ ಆಯುಧಪೂಜೆಯ ಹಿಂದಿನ ದಿನ ಬೀರುಗಳನ್ನು ಸರಿಸಿ ಧೂಳು ಹೊಡೆಯುತ್ತಿದ್ದೆ. ಒಂದರ ಹಿಂದೆ ಕಂದು ಬಣ್ಣದ ದೊಡ್ಡ ಲಕೋಟೆ ಬಿದ್ದಿತ್ತು. ಅಪಘಾತದ ವರ್ಷದ ಗುಂಪು ಫೋಟೋಗಳು. ಪ್ರತಿ ವರ್ಷ ಎಲ್ಲರಿಗೂ ಒಂದೊಂದು ಹಂಚುತ್ತಿದ್ದರು. ಆ ವರ್ಷ ಅಪಘಾತದ ಗಲಾಟೆಯಲ್ಲಿ ಹಂಚಿರಲಿಲ್ಲ. ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದೆ.

ಮುಂದಿನ ಸಾಲಿನ ಮಧ್ಯೆ ನಾನು. ಎದೆಯ ಮೇಲೆ ಜಾಕೆಟ್, ಕೊರಳಲ್ಲಿ ಹಾರ, ಮುಖದಲ್ಲಿ ಹಲ್ಲು ಕಿರಿದ ನಗು. ತೊಡೆಯ ಪಕ್ಕ ಇಳಿಬಿಟ್ಟ ಬಲಗೈಯ ಎರಡು ಬೆರಳ ನಡುವೆ ಒಂದು ಚೀಟಿ. ಕಪ್ಪು ಬಿಳುಪು ಫೋಟೋದಲ್ಲಿ ಅದು ಕಪ್ಪಗಿತ್ತು. ತೂತಿನಿಂದ ದಾರ ನೇತಾಡುತ್ತಿತ್ತು.

ಆ ಕ್ಷಣಕ್ಕೆ ಎಲ್ಲವೂ ವಾಪಸು ಬಂತು. ಪಕ್ಕದಲ್ಲಿ ನಿಂತ ಮ್ಯಾನೇಜರು, "ಆ ಕೆಂಪು ಚೀಟಿ ತೆಗೀರಿ, ಹಬ್ಬದ ಫೋಟೋದಲ್ಲಿ ಅದ್ಯಾಕೆ" ಎಂದದ್ದು. ನಾನು ದಾರ ಎಳೆದದ್ದು, ಗಂಟು ಬಿಚ್ಚದೆ ಹರಿದದ್ದು. ಫೋಟೋ ಆದ ಮೇಲೆ ಮೈಸೂರುಪಾಕು ತೆಗೆದುಕೊಳ್ಳಲು ಕೈ ಖಾಲಿ ಬೇಕಿತ್ತು. ಚೀಟಿಯನ್ನು ಅಂಗಿಯ ಜೇಬಿಗೆ ತುರುಕಿದ್ದೆ.

ಮನೆಗೆ ಹೋಗಿ ಹೆಂಡತಿಯನ್ನು ಕೇಳಿದೆ, ಆ ವರ್ಷ ಹಬ್ಬದ ಅಂಗಿಯ ಜೇಬಿನಲ್ಲಿ ಏನಾದರೂ ಇತ್ತೇ ಎಂದು. ಅವಳಿಗೆ ನೆನಪಿತ್ತು. "ನೆನೆದು ಮುದ್ದೆಯಾಗಿದ್ದ ರಟ್ಟು, ಬಿಸಾಕ್ದೆ. ಜೇಬೆಲ್ಲ ಕೆಂಪಾಗಿತ್ತು. ಪೂಜೆ ಕುಂಕುಮ ಅಂದ್ಕೊಂಡು ಮೂರು ಸಲ ಸೋಪು ಹಾಕಿದೀನಿ, ಹೋಗ್ಲೇ ಇಲ್ಲ" ಎಂದಳು.

ಮಾರನೆಯ ದಿನ ಪೂಜೆ ಮುಗಿಯುತ್ತಲೇ ಫೋಟೋವನ್ನು ಮ್ಯಾನೇಜರ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು. ಆಶ್ಚರ್ಯ ಪಡಲಿಲ್ಲ. ಅದನ್ನು ನಾನು ಮರೆಯುವುದಿಲ್ಲ, ಅವರಿಗೆ ಆಶ್ಚರ್ಯವೇ ಆಗಲಿಲ್ಲ. ನನಗೆ ಮರೆತುಹೋಗಿತ್ತು, ಅವರಿಗೆ ನೆನಪಿದ್ದೂ ಆ ಮೇಜಿನ ಆಚೆ ಕೂತು ಬರೆದುಕೊಂಡಿದ್ದರು. "ಫೈಲ್ ಕ್ಲೋಸ್ ಆಗಿ ಯಾವ ಕಾಲ ಆಯ್ತು" ಎಂದರು. "ಇದನ್ನ ಎತ್ತಿದ್ರೆ ಮೊದ್ಲು ಹೋಗೋದು ನಿನ್ನ ಕೆಲಸ. ಯೋಚ್ನೆ ಮಾಡು."

ಯೋಚನೆ ಮಾಡಿದೆ. ಎತ್ತಲಿಲ್ಲ. ಯಾರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ, ಆ ಕುರ್ಚಿಯನ್ನು ನಾನು ಬಿಡಲಿಲ್ಲ. ರಿಟೈರಾಗುವ ತನಕ ಅಲ್ಲೇ ಕೂತೆ.

ಆದರೆ ಆವತ್ತು ಸಂಜೆ ಫೋಟೋ ತೆಗೆದುಕೊಂಡು ಅವನ ಮನೆಗೆ ಹೋದೆ. ಕಾಂಪೌಂಡಿನ ಆಚೆ, ಅದೇ ಬಾವಿಯ ಪಕ್ಕ. ಬಾವಿಯ ಮೇಲೆ ಈಗ ಕಲ್ಲುಚಪ್ಪಡಿ ಮುಚ್ಚಿತ್ತು. ಅವನು ಜಗಲಿಯ ಮೇಲೆ ಕೂತು ಒಣ ಅವರೆಕಾಯಿ ಸುಲಿಯುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. "ಬಾ ಕಣಪ್ಪ, ಕೂತ್ಕೊ" ಎಂದ, ನಿನ್ನೆ ಭೇಟಿಯಾದವರ ಹಾಗೆ. ತಾಯಿ ಹೇಗಿದ್ದಾರೆ ಎಂದು ಕೇಳಿದೆ. ತೀರಿಕೊಂಡು ವರ್ಷವಾಯಿತು ಎಂದ. ಅವನ ಬಲಕ್ಕೆ ಜಾಗವಿತ್ತು, ಅಲ್ಲಿ ಕೂತೆ. ನನ್ನ ಎಡಗಿವಿ ಅವನ ಕಡೆಗಿತ್ತು.

ಫೋಟೋ ಕೊಟ್ಟೆ. ಅವನು ಕೈ ಒರೆಸಿಕೊಂಡು ತೆಗೆದುಕೊಂಡು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೆರಳಾಡಿಸಿದ. "ಇದ್ರಾಗೆ ನಾನಿಲ್ಲ" ಎಂದ ಹಾಗೆ ಕಂಡಿತು ತುಟಿ. ನಾನು ನನ್ನ ಕೈಯನ್ನು ತೋರಿಸಿದೆ. ಚೀಟಿಯ ಮೇಲೆ ಬೆರಳಿಟ್ಟೆ. ನಾನೇ ಅಣ್ಣ, ನಾನೇ ಬಿಚ್ಚಿದ್ದು ಎಂದೆ.

ಅವನು ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದುಕೊಂಡ. ಆಮೇಲೆ ಫೋಟೋದಿಂದ ಕಣ್ಣು ತೆಗೆಯದೆ ಏನೋ ಹೇಳಿದ. ನನಗೆ ಕೇಳಲಿಲ್ಲ. ಬೈದಿರಬೇಕು ಎಂದುಕೊಂಡೆ, ಬೈಯಲಿ ಎಂದುಕೊಂಡೇ ಬಂದಿದ್ದೆ. ತಲೆ ತಿರುಗಿಸಿ ಬಲಗಿವಿಯನ್ನು ಅವನ ಕಡೆ ಮಾಡಿ, "ಇನ್ನೊಂದ್ಸಲ ಹೇಳು ಅಣ್ಣ, ಆ ಕಡೆ ಕೇಳ್ಸಲ್ಲ" ಎಂದೆ.

ಅವನು ನನ್ನ ಕಿವಿಯನ್ನು ನೋಡಿ, ಕಿವುಡರಿಗೆ ಹೇಳುವ ಹಾಗೆ ಗಟ್ಟಿಯಾಗಿ, ಒಳಗಿದ್ದ ಅವನ ಹೆಂಡತಿ ಬಾಗಿಲಿಗೆ ಬರುವಷ್ಟು ಗಟ್ಟಿಯಾಗಿ, ಮತ್ತೆ ಹೇಳಿದ.

"ಎಲ್ರೂ ಅಂದ್ರಲ್ಲ ಅಂತ, ನಾನೇ ಬಿಚ್ಚಿರ್ಬೌದು ಅಂತ ನಾನೂ ಒಪ್ಕೊಂಬುಟ್ಟಿದ್ದೆ ಕಣಪ್ಪ. ನಮ್ಮವ್ವಂಗೂ ಅಂಗೇ ಏಳಿದ್ದೆ."